ಅಟ್ಟದಲ್ಲಿ ಸಿಕ್ಕ ಓಲೆಗರಿ ಮತ್ತು ಕಡತ: ಎಣ್ಣೆ ಹಚ್ಚಬೇಕಾ, ಒರೆಸಬೇಕಾ, ನದಿಗೆ ಬಿಡಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯನ್ನು ಈ ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಿದ್ದೇವೆ. ಅಡುಗೆಮನೆಯ ಮೇಲಿನ ಅಟ್ಟ ಖಾಲಿ ಮಾಡುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ 2 ಓಲೆಗರಿ ಕಟ್ಟು, ಮಡಿಸಿಟ್ಟ ಒಂದು ಕಪ್ಪು ಗಟ್ಟಿ ಬಟ್ಟೆ, ಪುಸ್ತಕ ಇಟ್ಟು ಓದುವ ಒಂದು ವ್ಯಾಸಪೀಠ, ತುಕ್ಕು ಹಿಡಿದ ಒಂದು ಕಬ್ಬಿಣದ ಕಡ್ಡಿ ಇವೆ. ಓಲೆಯ ಅಕ್ಷರ ನೋಡಿದರೆ ಕನ್ನಡದ ಹಾಗಿದೆ, ಓದೋಕೆ ಹೋದರೆ ಆಗುತ್ತಿಲ್ಲ. ದೊಡ್ಡಪ್ಪ ಇದು 1000 ವರ್ಷ ಹಳೆಯದು ಅಂತಾರೆ. ಚಿಕ್ಕಮ್ಮನಿಗೆ ಆ ಕಪ್ಪು ಬಟ್ಟೆ ಕಂಡರೇ ಭಯ. ಮಾಟದ್ದಿರಬಹುದು, ಮನೆಯಲ್ಲಿಟ್ಟರೆ ದೋಷ, ಎಲ್ಲಾ ತುಂಗೆಗೆ ಬಿಟ್ಟುಬಿಡಿ ಅಂತಾರೆ. ತಮ್ಮ ಯಾವುದೋ ವಿಡಿಯೋ ನೋಡಿದ್ದಾನೆ, ಅವನ ಯೋಚನೆ ಬೇರೆ. ಓಲೆಗೆ ಕೊಬ್ಬರಿ ಎಣ್ಣೆ ಹಚ್ಚೋಣ, ಕಪ್ಪು ಬಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸೋಣ, ನಾಲ್ಕು ಗರಿ ಲ್ಯಾಮಿನೇಟ್ ಮಾಡಿಸಿ ಹೊಸ ಮನೆಯ ಗೋಡೆಗೆ ಹಾಕೋಣ ಅಂತಾನೆ. ಹಳೇ ಸಾಮಾನು ಕೊಳ್ಳುವವರೊಬ್ಬರು ಆಗಲೇ ಬಂದು ಬೆಲೆ ಕೇಳಿ ಹೋಗಿದ್ದಾರೆ. ಅಜ್ಜ ಅಜ್ಜಿ ಇಷ್ಟು ವರ್ಷ ಕಾಪಾಡಿದ್ದನ್ನು ನಾವು ಹಾಳು ಮಾಡಬಾರದು ಅನ್ನೋದಷ್ಟೇ ನನ್ನ ಚಿಂತೆ. ಏನು ಮಾಡಬೇಕು? ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಡಬಹುದಾ?

ಉತ್ತರ: ಉಳಿದಿದ್ದನ್ನು ನಿಧಾನವಾಗಿ ಓದಿ, ಆದರೆ ಒಂದು ಮಾತನ್ನು ನಿಮ್ಮ ತಮ್ಮನಿಗೆ ಈಗಲೇ ಹೇಳಿಬಿಡಿ. ಆ ಕಪ್ಪು ಬಟ್ಟೆಗೆ ಒಂದು ಹನಿ ನೀರೂ ಮುಟ್ಟಿಸಬೇಡಿ. ಒಣ ಬಟ್ಟೆಯಲ್ಲೂ ಒರೆಸಬೇಡಿ.

ನೀವು ಬರೆದ ವಿವರ ನೋಡಿದರೆ ಅದು ಕಡತ. ನಮ್ಮ ಕರ್ನಾಟಕದ ಹಳೆಯ ಲೆಕ್ಕದ ಪುಸ್ತಕ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಗಟ್ಟಿಯಾಗಿ, ನುಣುಪಾಗಿ, ಕಪ್ಪಗೆ ನಿಲ್ಲುತ್ತದೆ. ಅದನ್ನು ಒಂದು ಮಡಿಕೆ ಆ ಕಡೆ, ಒಂದು ಮಡಿಕೆ ಈ ಕಡೆ ಮಡಿಸುತ್ತಾ ಹೋಗಿ, ಎರಡು ತುದಿಗೂ ರಟ್ಟೋ ಮರದ ಹಲಗೆಯೋ ಕೂರಿಸಿದರೆ ಪುಸ್ತಕ ತಯಾರು. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದರ ಅಳತೆಯನ್ನೂ ಕೊಟ್ಟಿದ್ದಾನೆ. 8 ಇಂಚಿನಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದ. ಅಂದರೆ ನಿಮ್ಮ ಕೈಯಲ್ಲಿರುವ ಆ ಸಣ್ಣ ಮಡಿಕೆಯನ್ನು ಪೂರ್ತಿ ಬಿಚ್ಚಿದರೆ ಒಂದು ಪಡಸಾಲೆಯಷ್ಟು ಉದ್ದ ಬರಬಹುದು. (ಬಿಚ್ಚಿ ನೋಡಬೇಡಿ. ಮಡಿಕೆಯ ಅಂಚಿನಲ್ಲೇ ಅಂಟು ಮೊದಲು ಸಿಡಿದು ಉದುರುವುದು.)

ಇದರ ಮೇಲೆ ಬರೆಯುತ್ತಿದ್ದದ್ದು ಬಳಪದಿಂದ. ಹೊಯ್ಸಳರು ಬೇಲೂರು, ಹಳೇಬೀಡು ಕಟ್ಟಿದ್ದೂ ಬಳಪದ ಕಲ್ಲಿನಲ್ಲೇ ಅಲ್ವಾ, ಅದೇ ಜಾತಿಯ ಮೆದು ಕಲ್ಲನ್ನು ಕಡ್ಡಿ ಮಾಡಿಕೊಂಡು ಬರೆಯುತ್ತಿದ್ದರು. ಇಲ್ಲಿ ಶಾಯಿ ಇಲ್ಲ, ಕೊರೆದ ಗೆರೆಯೂ ಇಲ್ಲ. ಮಕ್ಕಳು ಸ್ಲೇಟಿನ ಮೇಲೆ ಬರೆದ ಹಾಗೆ ಅಕ್ಷರ ಮೇಲ್ಮೈಯಲ್ಲಿ ಸುಮ್ನೆ ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು ಅನ್ನುವುದೇ ಆ ಕಾಲದವರಿಗೆ ಇದರ ಅನುಕೂಲ. ಈಗ ಅದೇ ಇದಕ್ಕೆ ಅಪಾಯ. ನಿಮ್ಮ ತಮ್ಮ ಪ್ರೀತಿಯಿಂದ ಒಂದು ಸಲ ಒರೆಸಿದರೆ ಕಡತ ಚೆನ್ನಾಗಿ ಹೊಳೆಯುತ್ತದೆ, ಅದರಲ್ಲಿದ್ದ 150 ವರ್ಷದ ಬರಹ ಬಟ್ಟೆಗೆ ಹತ್ತಿಕೊಂಡು ಹೋಗಿರುತ್ತದೆ. ಹಾಗೆ ಖಾಲಿಯಾದ ಕಡತಗಳನ್ನು ನಾನು ನೋಡಿದ್ದೇನೆ. ಮನೆಯವರು ತುಂಬಾ ಶ್ರದ್ಧೆಯಿಂದ ಒರೆಸಿ ತಂದಿರುತ್ತಾರೆ. ಅವರಿಗೆ ಏನು ಹೇಳಬೇಕೋ ತೋಚುವುದಿಲ್ಲ.

ಹಾಗಾಗಿ ಚಿಕ್ಕಮ್ಮನಿಗೆ ಧೈರ್ಯ ಹೇಳಿ. ಅದು ಮಾಟದ ಬಟ್ಟೆ ಅಲ್ಲ. ಕಪ್ಪಗಿರುವುದು ಇದ್ದಿಲಿನಿಂದ. ಅಂಗಡಿಯವರು, ಶಾನುಭೋಗರು, ಮಠದ ಪಾರುಪತ್ತೇಗಾರರು, ದೊಡ್ಡ ಜಮೀನಿನ ಮನೆಯವರು ಎಲ್ಲರೂ ಇದನ್ನು ಬಳಸಿದ್ದಾರೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಇದೆ, ಇತಿಹಾಸ ಬರೆಯುವವರು ಅವುಗಳಿಂದ ಬಹಳ ವಿಷಯ ತೆಗೆದಿದ್ದಾರೆ. ಚಿಕ್ಕಮ್ಮನಿಗೇ ಧೈರ್ಯ ಬರಬೇಕೆಂದರೆ ಒಂದು ಕೆಲಸ ಮಾಡಿ. ಸಂಜೆ ಕೋಣೆಯ ದೀಪ ಆರಿಸಿ, ಕಡತದ ಮೇಲೆ ಕಾಣುವ ಒಂದು ಮಡಿಕೆಗೆ ಪಕ್ಕದಿಂದ, ಬಹಳ ತಗ್ಗಿನಲ್ಲಿ, ಮೊಬೈಲ್ ಟಾರ್ಚ್ ಹಿಡಿಯಿರಿ. ನೇರ ಬೆಳಕಿನಲ್ಲಿ ಬರೀ ಕಪ್ಪಾಗಿ ಕಂಡ ಜಾಗದಲ್ಲಿ ಬೂದು ಬಣ್ಣದ ಸಾಲುಗಳು ಮೇಲೇಳುತ್ತವೆ. ಖಂಡುಗ, ಕೊಳಗ, ವರಹ, ಹಣ ಇಂಥ ಮಾತು ಕಂಡರೆ ಭತ್ತ, ಅಡಿಕೆಯ ಲೆಕ್ಕ, ಗೇಣಿಯ ಲೆಕ್ಕ ಅಂದುಕೊಳ್ಳಿ. ಅಂಕಿಯ ಪಕ್ಕ ಸಣ್ಣ ಗೆರೆಗಳಿದ್ದರೆ ಅವು ಕಾಲು, ವೀಸದಂಥ ಭಾಗಗಳು. ನಿಮ್ಮ ಮನೆತನದ ಹಿರಿಯರು ಯಾರಿಗೆ ಎಷ್ಟು ಕೊಟ್ಟರು, ಯಾವ ಗದ್ದೆಯಿಂದ ಎಷ್ಟು ಬಂತು ಅನ್ನುವುದು ಅಲ್ಲಿರುತ್ತದೆ. ಯಾವ ಮಹಾಕಾವ್ಯದ ಪ್ರತಿಯಲ್ಲೂ ಅದು ಸಿಗುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೇಗ ಹಾಳಾಗಬಹುದಾದ್ದೂ, ಎಲ್ಲಕ್ಕಿಂತ ಅಪರೂಪವಾದದ್ದೂ ಆ ಕಪ್ಪು ಬಟ್ಟೆಯೇ. ಜನ ಓಲೆಗೆ ಕೈ ಮುಗಿಯುತ್ತಾರೆ, ಕಡತವನ್ನು ಒರೆಸುವ ಬಟ್ಟೆ ಅಂದುಕೊಂಡು ಎಸೆಯುತ್ತಾರೆ.

ಈಗ ಓಲೆಗೆ ಬರೋಣ. ಎಣ್ಣೆಯ ಪ್ರಶ್ನೆಗೆ ಉತ್ತರ ನಾನು ಹೇಳುವುದಕ್ಕಿಂತ ಹಳಬರೇ ಹೇಳಿದ್ದಾರೆ. ಗ್ರಂಥ ನಕಲು ಮಾಡಿದವರು ಕೊನೆಯ ಗರಿಯಲ್ಲಿ ಒಂದು ಶ್ಲೋಕ ಬರೆಯುವ ವಾಡಿಕೆ ಇತ್ತು. ಪುಸ್ತಕವೇ ಮಾತಾಡುವ ಶ್ಲೋಕ ಅದು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ತಿಳಿಯದವರ ಕೈಗೆ ಕೊಡಬೇಡ. ನಿಮ್ಮ ಕಟ್ಟುಗಳಲ್ಲೂ ಅದು ಇದ್ದರೆ ಆಶ್ಚರ್ಯವಿಲ್ಲ. ನೋಡಿ, ಪಟ್ಟಿಯಲ್ಲಿ ಮೊದಲನೆಯದೇ ಎಣ್ಣೆ. ಓದುವವರು ದೀಪದ ಬುಡದಲ್ಲಿ ಕೂತು ಓದುತ್ತಿದ್ದ ಕಾಲ, ಎಣ್ಣೆ ಚೆಲ್ಲಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊಬ್ಬರಿ ಎಣ್ಣೆ ಗರಿಯೊಳಗೆ ಇಳಿದು ಹಳಸುತ್ತದೆ, ಜಿಗುಟಾಗುತ್ತದೆ, ಧೂಳು ಹಿಡಿಯುತ್ತದೆ, ಹುಳವನ್ನು ಕರೆಯುತ್ತದೆ. ಎರಡು ಮಳೆಗಾಲ ಕಳೆದರೆ ಗರಿಗೆ ಗರಿ ಅಂಟಿ ಒಂದೇ ಹಲಗೆ ಆಗಿಬಿಡುತ್ತದೆ. ಆಮೇಲೆ ಬಿಡಿಸುವುದು ಬಹಳ ಕಷ್ಟ.

ಹಾಗಾದರೆ ತಮ್ಮ ನೋಡಿದ ವಿಡಿಯೋ ಪೂರ್ತಿ ಸುಳ್ಳಾ? ಪೂರ್ತಿ ಸುಳ್ಳಲ್ಲ. ಗ್ರಂಥಭಂಡಾರಗಳಲ್ಲಿ ಒಣಗಿ ಸಿಡಿಯುವ ಗರಿಗೆ ಸಿಟ್ರೊನೆಲ್ಲಾ ಅಥವಾ ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ತೆಳ್ಳಗೆ ಸವರುವುದುಂಟು. ಅದು ಬೇಗ ಆವಿಯಾಗುವ ಎಣ್ಣೆ. ಆ ಕೆಲಸವೂ ನುರಿತವರದ್ದು, ಅದೂ ಕೊರೆದು ಬರೆದ ಗರಿಗೆ ಮಾತ್ರ. ಶಾಯಿಯಲ್ಲಿ ಬರೆದದ್ದಾದರೆ ಅಕ್ಷರವೇ ಕದಡಿಹೋಗಬಹುದು. ನಮ್ಮ ಕಡೆಯ ಓಲೆಗಳು ಹೆಚ್ಚಾಗಿ ಕೊರೆದವು. ನಿಮ್ಮ ಪೆಟ್ಟಿಗೆಯ ಆ ತುಕ್ಕು ಹಿಡಿದ ಕಡ್ಡಿ ಬಹುಶಃ ಕಂಠ, ಅಂದರೆ ಓಲೆಯ ಮೇಲೆ ಕೊರೆದು ಬರೆಯುವ ಲೇಖನಿ. ಅದರ ಮೊನೆಯಿಂದ ಗರಿಯ ಮೇಲೆ ಗೀರಿ, ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಸೊಪ್ಪಿನ ರಸದಲ್ಲೋ ಕಲಸಿ ಮೇಲೆ ಸವರಿ ಒರೆಸಿದರೆ ಗೀರಿದ ಜಾಗದಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಈಗ ನಿಮಗೆ ಅಕ್ಷರ ಮಸುಕಾಗಿ ಕಂಡರೆ ಕಾಡಿಗೆ ಹೋಗಿದೆ ಅಷ್ಟೇ, ಬರಹ ಹೋಗಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಗೀರು ಕಾಣುತ್ತದೆ. ಮನೆಯಲ್ಲೇ ಕಾಡಿಗೆ ಸವರಲು ಹೋಗಬೇಡಿ.

ಲ್ಯಾಮಿನೇಷನ್ ಮಾತನ್ನಂತೂ ಬಿಟ್ಟೇಬಿಡಿ. ಆ ಯಂತ್ರದ ಬಿಸಿಗೆ ಗರಿ ಸುರುಟುತ್ತದೆ, ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ವಾಪಸ್ ತೆಗೆಯಲು ಆಗುವುದಿಲ್ಲ. ಮುರಿದ ಗರಿಗೆ ಸೆಲ್ಲೋಟೇಪ್ ಹಾಕುವುದೂ ಅಷ್ಟೇ ಕೆಟ್ಟದ್ದು. ಗೋಡೆಗೆ ಏನಾದರೂ ಹಾಕಬೇಕು ಅಂತ ತಮ್ಮನಿಗೆ ಆಸೆ ಇದ್ದರೆ ಒಳ್ಳೆಯ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಲಿ. ನಿಜವಾಗಿಯೂ ಚೆನ್ನಾಗಿ ಕಾಣುತ್ತದೆ.

ದೊಡ್ಡಪ್ಪ ಹೇಳಿದ 1000 ವರ್ಷದ ಬಗ್ಗೆ. ನಮ್ಮ ಹವೆಯಲ್ಲಿ ಓಲೆ ಸಾಮಾನ್ಯವಾಗಿ 300-400 ವರ್ಷ ತಾಳಿದರೆ ಅದೇ ದೊಡ್ಡದು. ಅದಕ್ಕೇ ಪ್ರತಿ ಕೆಲವು ತಲೆಮಾರಿಗೆ ಯಾರಾದರೂ ಕೂತು ನಕಲು ಮಾಡಲೇಬೇಕಿತ್ತು. ಮೂಡಬಿದಿರೆಯಲ್ಲಿ ಜೈನರ ಧವಲಾ ಗ್ರಂಥದ 12ನೇ ಶತಮಾನದ ಓಲೆಗಳು ಚಿತ್ರಗಳ ಸಮೇತ ಉಳಿದಿವೆ, ಅದು ಬಹಳ ಅಪರೂಪ. ಮನೆಗಳಲ್ಲಿ ಸಿಗುವ ಓಲೆ ಹೆಚ್ಚಾಗಿ 18 ಅಥವಾ 19ನೇ ಶತಮಾನದ್ದು. ಇದನ್ನು ಕೇಳಿ ದೊಡ್ಡಪ್ಪ ಬೇಜಾರು ಮಾಡಿಕೊಳ್ಳುವುದು ಬೇಡ. ಕೃತಿ 1000 ವರ್ಷ ಹಳೆಯದಿರಬಹುದು, ನಿಮ್ಮಲ್ಲಿರುವುದು ಅದರ ಪ್ರತಿ. 10ನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಬರೆಸಿ ಹಂಚಿದಳು ಅಂತ ನಾವು ಶಾಲೆಯಲ್ಲೇ ಓದಿದ್ದೇವೆ. ಹಂಚಿದ್ದು ಯಾಕೆ ಅಂದರೆ ಪ್ರತಿ ಕಡಿಮೆ ಇದ್ದ ಕೃತಿ ಒಂದು ಗೆದ್ದಲಿಗೆ, ಒಂದು ಬೆಂಕಿಗೆ ಮುಗಿದುಹೋಗುತ್ತದೆ.

ನಿಜವಾದ ಕಾಲ ತಿಳಿಯಬೇಕಾದರೆ ಕೊನೆಯ ಗರಿ ನೋಡಿ. ಬರೆದು ಮುಗಿಸಿದವರು ಸಂವತ್ಸರ, ಮಾಸ, ತಿಥಿ, ಕೆಲವೊಮ್ಮೆ ತಮ್ಮ ಹೆಸರು, ಯಾರಿಗಾಗಿ ಬರೆದದ್ದು ಎಲ್ಲವನ್ನೂ ಹಾಕಿರುತ್ತಾರೆ. ಬರೀ ಸಂವತ್ಸರ ಇದ್ದರೆ ತೊಡಕು, ಅದು 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಕ್ರೋಧಿ ಅಂತಿದ್ದರೆ 1784 ಇರಬಹುದು, 1844 ಇರಬಹುದು, 1904 ಇರಬಹುದು. ಜೊತೆಗೆ ಶಾಲಿವಾಹನ ಶಕ 1766 ಅಂತ ಕೊಟ್ಟಿದ್ದರೆ 78 ಕೂಡಿಸಿ, 1844 ಅಂತ ಗೊತ್ತಾಗಿಬಿಡುತ್ತದೆ. ಕೊನೆಯ ಗರಿ ಕಟ್ಟಿನ ಹೊರಗಡೆ ಇರುವುದರಿಂದ ಅದೇ ಮೊದಲು ಮುರಿದು ಹೋಗಿರುವುದೂ ಇದೆ. ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಚೂರುಗಳನ್ನು ಕಸ ಅಂತ ಗುಡಿಸಬೇಡಿ. ಒಂದು ಲಕೋಟೆಯಲ್ಲಿ ಹಾಕಿ ಆ ಕಟ್ಟಿನ ಜೊತೆಗೇ ಇಡಿ.

ಓದಲು ಬರದಿರುವುದಕ್ಕೆ ಎರಡು ಕಾರಣ ಇರಬಹುದು. ಕನ್ನಡವೇ ಆಗಿದ್ದರೂ ಓಲೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಪೂರ್ಣವಿರಾಮ ಇಲ್ಲ, ಪದ್ಯವನ್ನೂ ಗದ್ಯದ ಹಾಗೆ ಉದ್ದಕ್ಕೆ ಬರೆದುಕೊಂಡು ಹೋಗುತ್ತಾರೆ. ಒಂದೆರಡು ವಾರ ಕೂತರೆ ಕಣ್ಣಿಗೆ ಅಭ್ಯಾಸ ಆಗುತ್ತದೆ. ಇನ್ನೊಂದು, ನಿಮ್ಮ ಸೀಮೆ ನೋಡಿದರೆ ಇದು ತಿಗಳಾರಿ ಲಿಪಿ ಇರುವ ಸಾಧ್ಯತೆಯೂ ಇದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಸಂಸ್ಕೃತ ಬರೆಯಲು ಅದನ್ನೇ ಬಳಸುತ್ತಿದ್ದರು. ಅದು ಮಲಯಾಳಂ ಲಿಪಿಗೆ ಹತ್ತಿರ. ಕೆಲವು ಅಕ್ಷರ ಗುರುತು ಸಿಕ್ಕ ಹಾಗಾಗಿ ಮುಂದಿನದು ಕೈಕೊಡುತ್ತದೆ ಅಂತಾದರೆ ಅದೇ ಇರಬೇಕು. ಗರಿಯ ಎಡಗಡೆ ಅಂಚಿನಲ್ಲಿ ಗರಿಯ ಸಂಖ್ಯೆ ಹಾಕಿರುತ್ತಾರೆ, ಅದನ್ನು ನೋಡಿ ಕ್ರಮ ತಪ್ಪಿದೆಯಾ ಅಂತ ಗೊತ್ತು ಮಾಡಬಹುದು. ಆದರೆ ತಪ್ಪಿದ್ದರೂ ನೀವೇ ಸರಿ ಮಾಡಲು ಹೋಗಬೇಡಿ. ಸಿಕ್ಕ ಕ್ರಮದಲ್ಲೇ ಮೊದಲು ಫೋಟೋ ಆಗಲಿ.

ಮನೆಗಳಲ್ಲಿ ಓಲೆ ಸಿಕ್ಕ ಕೂಡಲೇ ನಿಧಿಯ ಗುಟ್ಟೋ, ಭವಿಷ್ಯವೋ ಇರಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವುದು ಭಾರತ, ರಾಮಾಯಣ, ಪುರಾಣ, ಯಕ್ಷಗಾನ ಪ್ರಸಂಗ, ಪಂಚಾಂಗದ ಲೆಕ್ಕ, ಪೂಜಾವಿಧಿ, ಮನೆಮದ್ದು, ದನದ ಮದ್ದು. ಇದರಲ್ಲಿ ಮನೆಮದ್ದಿನ ಓಲೆ ಬಂದರೆ ನನಗೆ ತುಂಬಾ ಸಂತೋಷ. ಅಂಥದ್ದು ಆ ಒಂದೇ ಮನೆಯಲ್ಲಿ ಇರುತ್ತದೆ. ಹಾಗಂತ ನಾಲ್ಕು ಜನರ ಹತ್ತಿರ ಇರುವ ಕೃತಿ ಅಂತ ಯಾವುದನ್ನೂ ಹಗುರವಾಗಿ ನೋಡಬಾರದು. ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಗೊತ್ತಲ್ಲ. ಬೇರೆ ಗ್ರಂಥಗಳಲ್ಲಿ ಅದರ ಹೆಸರು, ಅಲ್ಲಲ್ಲಿ ಕೆಲವು ಮಾತು ಇತ್ತು, ಇಡೀ ಕೃತಿ ಹೋಗೇಬಿಟ್ಟಿದೆ ಅಂತ ವಿದ್ವಾಂಸರು ತಿಳಿದಿದ್ದರು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಓಲೆಕಟ್ಟು ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರ ಮನೆಯಲ್ಲೂ ಯಾರಾದರೂ ನದಿಗೆ ಬಿಡೋಣ ಅಂದಿದ್ದರೆ?

ನದಿಗೆ ಬಿಡುವ ಮಾತು ನಿಮ್ಮ ಚಿಕ್ಕಮ್ಮ ಕಟ್ಟಿ ಹೇಳಿದ್ದಲ್ಲ. ಆ ವಾಡಿಕೆ ಇತ್ತು. ತಮಿಳುನಾಡಿನಲ್ಲಿ ಆಡಿ ತಿಂಗಳ 18ನೇ ದಿನ ಹೊಳೆಗೆ ಓಲೆ ಬಿಡುತ್ತಿದ್ದರು, ಹಾಗೆ ಹೋದ ಗ್ರಂಥಗಳನ್ನು ನೆನೆದು, ಹಳೆಯ ತಮಿಳು ಓಲೆಗಳನ್ನು ಹುಡುಕಿ ಅಚ್ಚು ಹಾಕಿಸಿದ ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ ನೊಂದು ಬರೆದಿದ್ದಾರೆ. ಸವೆದುಹೋದ ಓಲೆಯಿಂದ ಹೊಸ ಪ್ರತಿ ಮಾಡಿಕೊಂಡ ಮೇಲೆ ಹಳೆಯದನ್ನು ಕಾಲಡಿ ಬೀಳದ ಹಾಗೆ ಗೌರವದಿಂದ ನೀರಿಗೆ ಬಿಟ್ಟರೆ ಅದರಲ್ಲಿ ಅರ್ಥ ಇದೆ. ನಕಲು ಮಾಡುವವರು ನಿಂತುಹೋದರು, ಬಿಡುವುದು ಮಾತ್ರ ಉಳಿದುಕೊಂಡಿತು. ಅಲ್ಲಿಗೆ ಕೆಟ್ಟಿತು. ಚಿಕ್ಕಮ್ಮನಿಗೆ ಹೀಗೇ ಹೇಳಿ ನೋಡಿ, ಹಿರಿಯರು ಬೇಗ ಒಪ್ಪುತ್ತಾರೆ. ಓದಲಾಗದ ಗ್ರಂಥ ಮನೆಯಲ್ಲಿದ್ದರೆ ದೋಷ ಅನ್ನುವವರಿಗೂ ಇದೇ ಮಾತು. ಮಕ್ಕಳಿಗೂ ಮೊಮ್ಮಕ್ಕಳಿಗೂ ಇರಲಿ ಅಂತ ಕಷ್ಟಪಟ್ಟು ಬರೆಸಿದ ವಸ್ತುವಿನಿಂದ ಮಕ್ಕಳಿಗೆ ಕೇಡಾಗುವುದು ಹೇಗೆ?

ಇನ್ನು ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ವಿಷಯ. ಸ್ವಚ್ಛ ಮಾಡುವ ಉತ್ಸಾಹಕ್ಕೆ ಸ್ವಲ್ಪ ತಡೆ ಹಾಕಿ. ಕಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗರಿಗಳ ಅಂಚನ್ನು ಪಕ್ಕದಿಂದ ನೋಡಿ. ಎಲ್ಲಾ ಕಡೆ ಒಂದೇ ಬಣ್ಣ ಇರುವುದಿಲ್ಲ. ಮಧ್ಯದಲ್ಲಿ ಎಲ್ಲೋ ಒಂದಿಷ್ಟು ಗರಿಗಳ ಮೂಲೆ ಜಾಸ್ತಿ ಕಪ್ಪಾಗಿ, ನುಣ್ಣಗೆ ಸವೆದಿರುತ್ತದೆ. ಹೆಬ್ಬೆರಳು ಇಟ್ಟು ಇಟ್ಟು ಆದ ಗುರುತು ಅದು. ಅಲ್ಲಲ್ಲಿ ದೀಪದೆಣ್ಣೆಯ ಹನಿ, ಒಂದು ಚುಕ್ಕೆ ಕುಂಕುಮ. ಇಡೀ ಗ್ರಂಥದಲ್ಲಿ ಆ ಮನೆಯವರು ಮತ್ತೆ ಮತ್ತೆ ತೆಗೆದು ಓದಿದ್ದು ಯಾವ ಭಾಗವನ್ನು ಅಂತ ಆ ಕೊಳೆಯೇ ಹೇಳುತ್ತದೆ. ಬರಹ ಇನ್ನೊಂದು ಮನೆಯ ಪ್ರತಿಯಲ್ಲೂ ಇದ್ದೀತು. ಈ ಗುರುತು ನಿಮ್ಮ ಪ್ರತಿಯಲ್ಲಿ ಮಾತ್ರ. ಹಾಗಾಗಿ ಮೃದುವಾದ ಒಣ ಬ್ರಷ್‌ನಲ್ಲಿ ಮೇಲಿನ ಧೂಳು ಕೊಡವಿ, ಅಷ್ಟಕ್ಕೆ ನಿಲ್ಲಿಸಿ.

ವ್ಯಾಸಪೀಠದ್ದೂ ಅದೇ ಮಾತು. ಒಂದೇ ಹಲಗೆಯನ್ನು ಸೀಳಿ, ನಡುವೆ ಒಂದಕ್ಕೊಂದು ಹೆಣೆದುಕೊಳ್ಳುವ ಹಾಗೆ ಕೆತ್ತಿ, ಮೊಳೆ ಇಲ್ಲದೆ ಬಿಚ್ಚಿ ಮಡಿಸುವಂತೆ ಮಾಡಿರುತ್ತಾರೆ, ನಿಮ್ಮದೂ ಹಾಗಿದೆಯಾ ನೋಡಿ. ಬಡಗಿಯ ಹತ್ತಿರ ಕೊಟ್ಟು ಉಪ್ಪುಕಾಗದ ತಿಕ್ಕಿಸಿ ವಾರ್ನಿಶ್ ಹೊಡೆಸುವುದು ಬೇಡ. ಓದುವವರ ಮುಂದೆ ಪುಸ್ತಕಕ್ಕೊಂದು ಆಸರೆ ಇಡುವುದು ನಮ್ಮಲ್ಲಿ ಎಷ್ಟು ಹಳೆಯದು ಅಂತ ಶ್ರವಣಬೆಳಗೊಳದ ಕಡೆ ಹೋದರೆ ಸತ್ತವರ ನೆನಪಿಗೆ ಜೈನರು ನಿಲ್ಲಿಸಿದ ನಿಸಿಧಿ ಕಲ್ಲುಗಳಲ್ಲಿ ಕಾಣಬಹುದು. ಗುರು ಒಂದು ಕಡೆ, ಶಿಷ್ಯ ಒಂದು ಕಡೆ, ನಡುವೆ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ ನಿಲ್ಲಿಸಿದ ಠವಣೆಕೋಲು. ಹೊಯ್ಸಳರ ಸರಸ್ವತಿಯ ಕೈಯಲ್ಲಿರುವ ಪುಸ್ತಕವನ್ನೂ ಹತ್ತಿರದಿಂದ ನೋಡಿ, ಅದು ನಿಮ್ಮ ಪೆಟ್ಟಿಗೆಯಲ್ಲಿರುವಂಥ ಓಲೆಕಟ್ಟೇ. ಶಿಲ್ಪಿಗಳು ದಿನಾ ಕಾಣುವ ಪುಸ್ತಕವನ್ನೇ ಕೆತ್ತಿದ್ದಾರೆ.

ವ್ಯಾಸಪೀಠದ ಮರಕ್ಕೆ ಹುಳ ಬಿದ್ದಿರುವ ಅನುಮಾನ ಇದ್ದರೆ ಅದನ್ನು ಓಲೆಯಿಂದ ದೂರ, ಒಂದು ಬಿಳಿ ಕಾಗದದ ಮೇಲೆ ನಾಲ್ಕೈದು ದಿನ ಇಡಿ. ಹೊಸ ಹುಡಿ ಉದುರಿದರೆ ಹುಳ ಬದುಕಿದೆ. ಓಲೆಕಟ್ಟಿಗೂ ಇದೇ ಪರೀಕ್ಷೆ. ರಂಧ್ರ ಮಾತ್ರ ಇದ್ದು ಹುಡಿ ಬೀಳದಿದ್ದರೆ ಅದು ಯಾವಾಗಲೋ ತಿಂದು ಹೋದದ್ದು, ಗಾಬರಿ ಬೇಡ. ಕಂಠವನ್ನು ಒಣ ಬಟ್ಟೆಯಲ್ಲಿ ಒರೆಸಿ ಬೇರೆ ಇಡಿ, ತುಕ್ಕು ಗರಿಗೆ ಕಲೆ ಮಾಡುತ್ತದೆ.

ಅಡುಗೆಮನೆಯ ಮೇಲಿನ ಅಟ್ಟದಲ್ಲೇ ಯಾಕೆ ಇಟ್ಟಿದ್ದರು ಗೊತ್ತಾ? ಸೌದೆ ಒಲೆಯ ಬಿಸಿ ಮತ್ತು ಹೊಗೆ. ಮಲೆನಾಡಿನ ಮಳೆಯಲ್ಲೂ ಆ ಜಾಗ ಒಣಗಿರುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ನಿಂತಿತು, ಎಷ್ಟೋ ಮನೆಗಳಲ್ಲಿ ಓಲೆ ಹಾಳಾದದ್ದು ಆಮೇಲೆಯೇ. ಹೊಸ ಮನೆಯಲ್ಲಿ ಅಟ್ಟ ಇರಲಾರದು, ಹಾಗಾಗಿ ಬೇರೆ ಏರ್ಪಾಡು ಬೇಕು. ಗರಿಗಿಂತ ಸ್ವಲ್ಪ ದೊಡ್ಡದಾದ ಎರಡು ಒಣಗಿದ ಮರದ ಹಲಗೆಗಳ ನಡುವೆ ಕಟ್ಟನ್ನಿಟ್ಟು ಹತ್ತಿ ದಾರದಲ್ಲಿ ಬಿಗಿಯಾಗಿ ಸುತ್ತಿ. ಶ್ಲೋಕದಲ್ಲಿ ಸಡಿಲ ಕಟ್ಟು ಬೇಡ ಅಂದದ್ದು ಇದಕ್ಕೇ. ಸಡಿಲವಾದರೆ ಗರಿ ಡೊಂಕಾಗುತ್ತದೆ, ಸಂದಿಯಲ್ಲಿ ಹುಳಕ್ಕೆ ದಾರಿ ಆಗುತ್ತದೆ. ರಬ್ಬರ್ ಬ್ಯಾಂಡ್ ಬೇಡ. ಹಳೆಯ ಕೆಂಪು ಬಟ್ಟೆಯನ್ನು ಎಸೆಯಬೇಡಿ, ಆದರೆ ಬೇರೆ ಇಡಿ. ಕೆಂಪು ಬಣ್ಣಕ್ಕೆ ಹುಳ ಹೆದರುತ್ತದೆ ಅಂತ ನಂಬಿಕೆ. ನಿಜವಾಗಿ ಕಾಪಾಡುವುದು ಬಟ್ಟೆಯ ಸುತ್ತು, ಧೂಳು ಬೆಳಕು ತಡೆಯುವುದರಿಂದ. ಈಗಿನ ಕೆಂಪು ಬಟ್ಟೆ ತೇವಕ್ಕೆ ಬಣ್ಣ ಬಿಡುತ್ತದೆ. ಚೆನ್ನಾಗಿ ತೊಳೆದು ಗಂಜಿ ತೆಗೆದ, ಬಣ್ಣವಿಲ್ಲದ ಹತ್ತಿ ಬಟ್ಟೆ ಸಾಕು. ಒಣಗಿದ ಬೇವಿನ ಎಲೆ ಅಥವಾ ಬಜೆಯ ಪುಡಿಯನ್ನು ಸಣ್ಣ ಗಂಟು ಕಟ್ಟಿ ಪಕ್ಕದಲ್ಲಿಡಿ, ಗರಿಯ ಮಧ್ಯೆ ಉದುರಿಸಬೇಡಿ. ಹಸಿ ಬೇವು ಹಾಕಿದರೆ ತೇವ ನೀವೇ ತಂದಿಟ್ಟ ಹಾಗೆ. ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಗರಿ ಸುರುಟಿ ಸಿಡಿಯುತ್ತದೆ. ನೆರಳಲ್ಲಿ ಗಾಳಿಯಾಡಿಸಿ. ಹೊರಗೋಡೆಗೆ ತಾಗಿದ ಬೀರು ಬೇಡ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಕಡತವನ್ನು ಇನ್ನೂ ಹುಷಾರಾಗಿ, ಮಡಿಕೆ ಹಾಗೇ ಇಟ್ಟು, ಮೇಲೆ ಭಾರ ಹಾಕದೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಹುಣಸೆ ಬೀಜದ ಅಂಟು ಜಿರಲೆಗೂ ಬೆಳ್ಳಿಹುಳಕ್ಕೂ ಇಷ್ಟ, ತೇವಕ್ಕೆ ಮೆತ್ತಗಾಗಿ ಮಡಿಕೆಗೆ ಮಡಿಕೆ ಕಚ್ಚಿಕೊಳ್ಳುತ್ತದೆ.

ಇಟ್ಟುಕೊಳ್ಳುವುದಾ, ಕೊಡುವುದಾ, ಮಾರುವುದಾ? ಮಾರುವುದು ನನಗೆ ಒಪ್ಪಿಗೆಯಿಲ್ಲ, ಕಾರಣ ಹೇಳುತ್ತೇನೆ. ಬಂದವರು ಕಟ್ಟನ್ನು ಬಿಚ್ಚಿ ಗರಿ ಗರಿಯಾಗಿ ಅಲಂಕಾರಕ್ಕೆ ಮಾರಿದರೆ ಗ್ರಂಥ ಅಲ್ಲಿಗೆ ಮುಗಿಯಿತು. ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಇತಿಹಾಸ, ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿ 75 ವರ್ಷ ದಾಟಿದ್ದರೆ ಅದು ಪುರಾತನ ವಸ್ತು. ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಗರಿಯ ಮೇಲೆ ಚಿತ್ರಗಳಿದ್ದರೆ ನೋಂದಣಿ ಕೂಡ ಮಾಡಿಸಬೇಕು. ಬಂದವರ ಹತ್ತಿರ ಲೈಸೆನ್ಸ್ ಕೇಳಿ ನೋಡಿ.

ಮನೆಯಲ್ಲೇ ಇಟ್ಟುಕೊಳ್ಳಬಹುದು, ಅದು ನಿಮ್ಮ ಹಕ್ಕು. ವರ್ಷಕ್ಕೆರಡು ಸಲ ತೆಗೆದು ನೋಡುವವರು ಒಬ್ಬರು ಮನೆಯಲ್ಲಿದ್ದರೆ ಚೆನ್ನಾಗಿಯೇ ಉಳಿಯುತ್ತದೆ. ನೀವು ಮುಂದೆ ಬೆಂಗಳೂರಿಗೋ ಬೇರೆಲ್ಲಿಗೋ ಹೋದ ಮೇಲೆ ಯಾರು ನೋಡುತ್ತಾರೆ ಅನ್ನುವುದನ್ನು ಮಾತ್ರ ಈಗಲೇ ಯೋಚಿಸಿ. ಸಂಸ್ಥೆಗೆ ಕೊಡುವುದಾದರೆ ನಿಮಗೆ ಹತ್ತಿರದ್ದು ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯ. ಧರ್ಮಸ್ಥಳದಲ್ಲೂ ದೊಡ್ಡ ಓಲೆ ಸಂಗ್ರಹ ಇದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗವೇ ಇದೆ. ಕೊಡುವಾಗ ಸಂಕೋಚಪಡದೆ ಕೇಳಿ: ಎಷ್ಟು ಗರಿ, ಯಾವ ಸ್ಥಿತಿಯಲ್ಲಿ ಅಂತ ಬರೆದ ರಸೀತಿ, ನಿಮ್ಮ ಮನೆತನದ ಹೆಸರಿನಲ್ಲಿ ದಾಖಲೆ, ಡಿಜಿಟಲ್ ಮಾಡಿದ ಪ್ರತಿ. ಕೊಟ್ಟ ಮೇಲೆ ಅಲ್ಲಿ ಕಪಾಟಿನಲ್ಲಿ ಮುಟ್ಟುವವರಿಲ್ಲದೆ ಬಿದ್ದಿರುವ ಸಾಧ್ಯತೆಯೂ ಇಲ್ಲದಿಲ್ಲ, ಅದಕ್ಕೇ ಚಿತ್ರಗಳ ಒಂದು ಪ್ರತಿ ನಿಮ್ಮಲ್ಲಿರಲೇಬೇಕು. ನಾನಾಗಿದ್ದರೆ ಡಿಜಿಟಲ್ ಪ್ರತಿ ಮಾಡಿಸಿ, ಓಲೆಯ ವಿಷಯ ಮನೆಯವರಿಗೆ ಬಿಟ್ಟು, ಕಡತವನ್ನು ಮಾತ್ರ ಸಂಸ್ಥೆಗೆ ಕೊಡುತ್ತಿದ್ದೆ. ಮನೆಯಲ್ಲಿ ಅದನ್ನು ಸರಿಯಾಗಿ ಇಡುವುದು ಕಷ್ಟ.

ಕೊಡಲಿ ಬಿಡಲಿ, ಮನೆ ಬಿಚ್ಚುವ ಮುಂಚೆ ಫೋಟೋ ಕೆಲಸ ಮುಗಿಸಿ. ಕೈ ತೊಳೆದು ಪೂರ್ತಿ ಒಣಗಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಪ್ರತಿ ಗರಿಯ ಎರಡೂ ಮುಖ ತೆಗೆಯಿರಿ. ಸ್ಕ್ಯಾನರ್‌ನಲ್ಲಿ ಅದುಮಬೇಡಿ. ಅಂಟಿಕೊಂಡ ಗರಿಗಳನ್ನು ಚಾಕು ಹಾಕಿ ಬಿಡಿಸಬೇಡಿ, ಹಾಗೇ ಬಿಡಿ. ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಪೆಟ್ಟಿಗೆ ಅಟ್ಟದ ಯಾವ ಮೂಲೆಯಲ್ಲಿತ್ತು, ಅಜ್ಜ ಏನು ಹೇಳುತ್ತಿದ್ದರು, ದೊಡ್ಡಪ್ಪನಿಗೆ ಏನು ನೆನಪಿದೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ.

ನವರಾತ್ರಿ ಪೂಜೆಗೆ ಖಂಡಿತ ಇಡಿ. ವರ್ಷಕ್ಕೊಮ್ಮೆ ತೆಗೆದು, ಧೂಳು ಕೊಡವಿ, ಗಾಳಿಯಾಡಿಸಿ, ಹೊಸದಾಗಿ ಕಟ್ಟಿ ಇಡುವ ಆ ಪೂಜೆಯಿಂದಲೇ ನಮ್ಮ ಮನೆಗಳಲ್ಲಿ ಇಷ್ಟು ಓಲೆ ಉಳಿದಿರುವುದು. ಅರಿಶಿನ, ಕುಂಕುಮ, ಗಂಧ, ಹೂವು ಮಾತ್ರ ಗರಿಯ ಮೇಲೂ ಕಡತದ ಮೇಲೂ ಬೇಡ, ಸುತ್ತಿದ ಹೊರಬಟ್ಟೆಯ ಮೇಲೆ ಹಾಕಿ. ದೀಪ ಒಂದು ಮೊಳ ದೂರ ಇರಲಿ. ವಿಜಯದಶಮಿಯ ದಿನ ಓಲೆಕಟ್ಟು ತೆಗೆಯುವಾಗ ಮನೆಯ ಮಕ್ಕಳನ್ನು ಪಕ್ಕ ಕೂರಿಸಿಕೊಂಡು, ಒಂದು ಗರಿಯ ಮೇಲೆ ಟಾರ್ಚ್ ಹಿಡಿದು ಎಷ್ಟು ಅಕ್ಷರ ಗುರುತು ಸಿಗುತ್ತದೆ ನೋಡಿ. ಮೊದಲ ಮತ್ತು ಕೊನೆಯ ಗರಿಯ ಫೋಟೋ ಕಳಿಸಿದರೆ ಯಾವ ಲಿಪಿ, ಯಾವ ಗ್ರಂಥ ಅಂತ ಹುಡುಕಲು ನಾನೂ ಜೊತೆಗಿರುತ್ತೇನೆ.